ಮುಂಚೆಯೇ ಬರೆದಿಟ್ಟ ನಡಾವಳಿ

"ಯಾಕ್ ಎಲ್ರೂ ಸುಮ್ನಿದ್ದೀರಿ? ಬಾಯಿ ಬಿಟ್ಟು ಕೇಳ್ಲಿ ಅಂತ ತಾನೇ ತರಬೇತಿ ಕೊಡ್ಸಿದ್ದು?" ಎಂದು ದೊಡ್ಡಕ್ಕ ನಕ್ಕರು. ಮೇಜಿನ ಸುತ್ತ ಕೂತಿದ್ದ ಆರು ಮಂದಿ ಟ್ರಸ್ಟಿಗಳಲ್ಲಿ ಒಬ್ಬರೂ ನಗಲಿಲ್ಲ.

ಕಿವಿ ಕೇಳದ ಮಕ್ಕಳ ಈ ಶಾಲೆಯನ್ನು ಇಪ್ಪತ್ತಾರು ವರ್ಷದ ಹಿಂದೆ, ತಮ್ಮ ಮನೆಯ ಹಜಾರದಲ್ಲಿ ಮೂರು ಮಕ್ಕಳನ್ನು ಕೂರಿಸಿಕೊಂಡು ಶುರು ಮಾಡಿದವರು ಅವರು. ಅಂದಿನಿಂದ ಅಧ್ಯಕ್ಷರೂ ಅವರೇ. ಸಭೆ ಅಂದರೆ ಏನು ಮಹಾ! ನಡಾವಳಿಯನ್ನು ಹಿಂದಿನ ದಿನವೇ ಬರೆದಿಡುತ್ತಿದ್ದರು; ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಂಬುದೂ ಅದರಲ್ಲೇ ಇರುತ್ತಿತ್ತು. ಉಳಿದವರು ಬಂದು, ಕಾಫಿ ಕುಡಿದು, ಪೆನ್ಸಿಲ್ ಗುರುತು ಇದ್ದಲ್ಲಿ ಸಹಿ ಗೀಚಿ ಹೋಗುತ್ತಿದ್ದರು. ಇವತ್ತಿನದ್ದೂ ತಯಾರಾಗಿತ್ತು: ದೊಡ್ಡಕ್ಕನವರೇ ಇನ್ನೂ ಮೂರು ವರ್ಷ ಮುಂದುವರಿಯಬೇಕೆಂದು ಟ್ರಸ್ಟಿ ದರ್ಜಿಯವರು ಸೂಚಿಸಿದರು, ಸರ್ವಾನುಮತದಿಂದ ಒಪ್ಪಲಾಯಿತು.

ತರಬೇತಿಯ ಹುಚ್ಚು ಹಚ್ಚಿಕೊಂಡವರೂ ಅವರೇ. ದಾನಿಗಳು ಕೇಳುತ್ತಿದ್ದಾರೆಂದು ಎರಡು ಭಾನುವಾರ ಎಲ್ಲರನ್ನೂ ಎಳೆದು ತಂದು ಕೂರಿಸಿದ್ದರು. "ನೀವಿರೋದು ತಲೆ ಆಡ್ಸೋಕಲ್ಲ, ಪ್ರಶ್ನೆ ಕೇಳೋಕೆ," ಎಂದು ತರಬೇತುದಾರ ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದರು, ಪಾಪ.

ದರ್ಜಿ ಗಂಟಲು ಸರಿಮಾಡಿಕೊಂಡರು. ಆ ಮೊದಲ ಮೂರು ಮಕ್ಕಳಲ್ಲಿ ಒಬ್ಬಳು ಅವರ ಮಗಳು.

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಹೋದ್ ವರ್ಷ ಎರಡ್ ತಿಂಗ್ಳು ನೀವು ಆಸ್ಪತ್ರೇಲಿದ್ರಿ. ಹೊಸ ಮಕ್ಕಳನ್ನ ಸೇರ್ಸ್ಕೊಳ್ಳೋ ಅಧಿಕಾರ ಇಲ್ಲಿ ಯಾರಿಗೂ ಇರ್ಲಿಲ್ಲ. ಹನ್ನೊಂದು ಮಕ್ಕಳು ವಾಪಸ್ ಹೋದ್ವು. ನಿಮ್ಗೇನಾದ್ರೂ ಆದ್ರೆ ಮುಂದೆ ಯಾರು?"

"ನನಗೇನಾಗತ್ತೆ? ಗುಂಡುಕಲ್ಲಿನ ಹಾಗಿದ್ದೀನಿ!"

ಇನ್ನೊಬ್ಬ ಟ್ರಸ್ಟಿ, ನರ್ಸ್, ಮೇಜಿನತ್ತ ನೋಡುತ್ತಲೇ ಹೇಳಿದರು: "ಟೀಚರಮ್ಮ ಅಧ್ಯಕ್ಷರಾಗ್ಲಿ ಅಂತ ನಾನು ಸೂಚಿಸ್ತೀನಿ."

ದೊಡ್ಡಕ್ಕ ಥಟ್ಟನೆ ತಿರುಗಿ ನೋಡಿದರು. ಪಾಠ ಹೇಳುವುದನ್ನು ತಾವೇ ಕೈಹಿಡಿದು ಕಲಿಸಿದ ಹುಡುಗಿ, ಟೀಚರು, ತಲೆ ತಗ್ಗಿಸಿ ಕೂತಿದ್ದಳು. ಒಂದು ಕೈ ಎದ್ದಿತು. ಎರಡು. ಮೂರು. ಏಳು ಜನರಲ್ಲಿ ನಾಲ್ಕು ಕೈ ಬೇಕು. ದರ್ಜಿಯ ಕೈ ಇನ್ನೂ ಮೇಜಿನ ಮೇಲಿತ್ತು. ದೊಡ್ಡಕ್ಕ ಅದನ್ನೇ ನೋಡಿದರು. ಬೇಡ ಕಣೋ, ಎಂದು ಬಾಯಿಗೆ ಬಂದಿದ್ದನ್ನು ನುಂಗಿಕೊಂಡರು.

ಕೈ ಎದ್ದಿತು. ದರ್ಜಿಯ ಕಣ್ಣಲ್ಲಿ ನೀರಿತ್ತು.

"ಬರೀತೀನಿ," ಎಂದರು ದೊಡ್ಡಕ್ಕ. ಮುಂಚೆ ಬರೆದದ್ದನ್ನು ಹೊಡೆದು ಹಾಕಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಸಭೆಯಲ್ಲಿ ನಡೆದದ್ದನ್ನು ನಡೆದ ಮೇಲೆ ಬರೆದರು. ಸಹಿ ಹಾಕಿ, ಯಾರು ಕರೆದರೂ ನಿಲ್ಲದೆ ಹೊರಗೆ ಬಂದರು.

ಪಡಸಾಲೆಯಲ್ಲಿ ಅಡುಗೆಯವಳು ಕೈ ಒರೆಸಿಕೊಳ್ಳುತ್ತ ಕಾಯುತ್ತಿದ್ದಳು. ಅವಳಿಗೂ ಕಿವಿ ಕೇಳಿಸದು. ನಾಳೆ ಮಕ್ಕಳಿಗೆ ಏನು ಮಾಡಲಿ ಎಂದು ಕೈಸನ್ನೆಯಲ್ಲಿ ಕೇಳಿದಳು. ಹೇಳಲು ದೊಡ್ಡಕ್ಕನ ಕೈಗಳು ತಾವಾಗಿಯೇ ಮೇಲೆದ್ದವು, ಅರ್ಧದಲ್ಲೇ ನಿಂತವು. ಅವರು ಸಭೆಯ ಕೋಣೆಯ ಬಾಗಿಲನ್ನು ತೋರಿಸಿದರು.

ಅವಳಿಗೆ ಅರ್ಥವಾಗಲಿಲ್ಲ. ಹತ್ತಿರ ಬಂದು, ನಿಧಾನವಾಗಿ, ಚಿಕ್ಕ ಮಗುವಿಗೆ ಕೇಳುವಂತೆ ಮತ್ತೆ ಕೇಳಿದಳು.