ಗ್ರೂಪ್‌ನಲ್ಲಿ ಹಾಕಿ

ಆ ಲಾಂಡ್ರಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಅವಳು ಎದುರಿಗೆ ಮೇಡಂ, ಬೆನ್ನ ಹಿಂದೆ ಗ್ರೂಪಮ್ಮ. ಹೆಸರಿಟ್ಟವಳು ಮಡಿಸುವ ವಿಭಾಗದ ರೇಡಿಯೊ. ಅದೂ ಅಡ್ಡಹೆಸರೇ, ಬಾಯಿಗೆ ಬೀಗ ಹಾಕಿಕೊಂಡು ಹುಟ್ಟಿದವಳಲ್ಲ ಆಕೆ.

ಊರಿನ ಆಸ್ಪತ್ರೆಗಳ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಗೌನುಗಳೆಲ್ಲ ತೊಳೆಸಿಕೊಳ್ಳಲು ಅಲ್ಲಿಗೇ ಬರುತ್ತಿದ್ದವು. ಯಂತ್ರಗಳ ಗದ್ದಲದಲ್ಲಿ ಏನಾದರೂ ಹೇಳಬೇಕೆಂದರೆ ಗಂಟಲು ಹರಿದುಕೊಳ್ಳಬೇಕು, ಇಲ್ಲವೇ ಹೊದಿಕೆ ಮಡಿಸುವಾಗ ಹೇಳಬೇಕು. ಒಂದು ಹೊದಿಕೆಗೆ ಇಬ್ಬರು. ತುದಿ ಹಿಡಿದು ಹತ್ತಿರ ಬಂದಾಗ ಒಂದು ಮಾತು, ಹಿಂದೆ ಸರಿದು ಮತ್ತೆ ಬಂದಾಗ ಇನ್ನೊಂದು. ಹೀಗೆ ಕೈಯಿಂದ ಕೈಗೆ ಹೋಗುವ ಸುದ್ದಿಗೆ ದಾರಿಯಲ್ಲಿ ಕೈಕಾಲು ಮೂಡುತ್ತಿದ್ದದ್ದೂ ನಿಜ. ಒಮ್ಮೆ ಮಕ್ಕಳ ವಾರ್ಡಿನ ಬಟ್ಟೆ ಪೂರ್ತಿ ಕಣ್ಣಿನ ಆಸ್ಪತ್ರೆಗೆ ಹೋಗಿಬಿಟ್ಟಿತು. ಮಾಲೀಕರ ಹತ್ತಿರ ಉಗಿಸಿಕೊಂಡವಳು ಮೇಡಂ. ಅವತ್ತೇ ಫೋನಿನಲ್ಲಿ ಗ್ರೂಪ್ ಮಾಡಿದಳು.

ಗ್ರೂಪ್ ಮಾಡುವುದು ಸುಲಭ, ಜನರನ್ನು ಸೇರಿಸುವುದೇ ಕಷ್ಟ. ಅವಳು ಹಟಕ್ಕೆ ಬಿದ್ದಳು. ಒಬ್ಬೊಬ್ಬರನ್ನೇ ಪುಸಲಾಯಿಸಿದಳು, ಹೊಗಳಿದಳು, ಸ್ವಲ್ಪ ಹೆದರಿಸಿದಳು. ಕೊನೆಯವರೆಗೂ ಜಗ್ಗದವನು ಇಸ್ತ್ರಿಯಣ್ಣ. ಗೌನುಗಳಿಗೆ ಇಸ್ತ್ರಿ ಹಾಕುತ್ತಿದ್ದ ಅವನು ಅವಳಿಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವನು.

“ನನಗ್ಯಾಕೆ ಮೇಡಂ ಇದೆಲ್ಲ? ನೀವು ಇಲ್ಲೇ ಇರ್ತೀರಲ್ಲ, ಬಂದು ಹೇಳ್ತೀನಿ.”

“ಬಂದು ಹೇಳಿದ್ದು ಮರೆತುಹೋಗುತ್ತೆ ಅಣ್ಣ. ಬರೆದಿದ್ದು ಎಲ್ಲೂ ಹೋಗಲ್ಲ.”

ಚಹಾದ ಹೊತ್ತಿನಲ್ಲಿ ಅವನ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ತಾನೇ ಕಲಿಸಿದಳು. ಬಿಸಿಗೆ ಮರಗಟ್ಟಿದ ಅವನ ಬೆರಳು ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತಿದ್ದವು. ಕೊನೆಗೊಂದು ದಿನ “ಇಸ್ತ್ರಿ ಆಯಿತು” ಎಂದು ಅವನು ಹಾಕಿದಾಗ ಇಡೀ ಲಾಂಡ್ರಿ ಚಪ್ಪಾಳೆ ತಟ್ಟಿತು. ಅವನ ಮುಖ ಮದುಮಗನಂತೆ ಕೆಂಪಾಯಿತು. ಆಮೇಲೆ ಅವಳು ಒಂದು ನಿಯಮ ಮಾಡಿದಳು. ರಜೆ ಇರಲಿ, ದೂರು ಇರಲಿ, ಎಲ್ಲ ಗ್ರೂಪ್‌ನಲ್ಲೇ. ಆಫೀಸಿನ ಬಾಗಿಲಿಗೆ ಬಂದು ನಿಲ್ಲುವಂತಿಲ್ಲ.

ಜನ ಮೆಲ್ಲಗೆ ಒಗ್ಗಿಕೊಂಡರು. ಎಷ್ಟು ಒಗ್ಗಿಕೊಂಡರೆಂದರೆ ಬೆಳಗಾದರೆ ಹೂವಿನ ಚಿತ್ರ, ಮಧ್ಯಾಹ್ನ ಯಾರದೋ ಮಗುವಿನ ಮೊದಲ ಹಲ್ಲು, ಸಂಜೆ ರೇಡಿಯೊ ಕಳಿಸುವ ಜೀವನದ ಪಾಠಗಳು. ಮೇಡಂ ಫೋನು ಮೇಜಿನ ಮೇಲೆ ಗುಂಯ್‌ಗುಡುತ್ತಲೇ ಇತ್ತು. ಅವಳಿಗೆ ತಲೆ ಚಿಟ್ಟುಹಿಡಿದುಹೋಯಿತು. ಒಂದು ದಿನ ಬಟನ್ ಒತ್ತಿ ಗ್ರೂಪ್‌ನ ಸದ್ದಡಗಿಸಿಬಿಟ್ಟಳು. ಬಿಡುವಾದಾಗ ಒಮ್ಮೆ ನೋಡಿದರೆ ನೋಡಿದಳು, ಇಲ್ಲದಿದ್ದರೆ ಇಲ್ಲ. ಇದನ್ನು ಯಾರಿಗೂ ಹೇಳಲಿಲ್ಲ. ಅಷ್ಟು ಜನರನ್ನು ಕೈಹಿಡಿದು ಒಳಗೆ ಕೂರಿಸಿ, ತಾನು ಮಾತ್ರ ಹಿತ್ತಿಲ ಬಾಗಿಲಿನಿಂದ ಎದ್ದುಹೋದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

ಅಷ್ಟರಲ್ಲಿ ಮಾಲೀಕರು ಖುಷಿಯಾಗಿದ್ದರು. ಶುಕ್ರವಾರ ಇನ್ನೊಂದು ಶಾಖೆಗೆ ಹೋಗಿ, ಅಲ್ಲಿಯವರಿಗೂ ಗ್ರೂಪ್‌ನ ರುಚಿ ಹತ್ತಿಸಿ ಬಾ ಎಂದರು. ಗುರುವಾರ ಮಧ್ಯಾಹ್ನ ಅವಳು ಆ ಭಾಷಣ ಬರೆಯುತ್ತ ಕೂತಿದ್ದಳು. ಗಾಜಿನ ಬಾಗಿಲಾಚೆ ಇಸ್ತ್ರಿಯಣ್ಣ ಬಂದು ನಿಂತ. ಏನೋ ಹೇಳಲು ಬಾಯಿ ತೆರೆದ. ಅವಳು ಕಾಗದದಿಂದ ಕಣ್ಣು ತೆಗೆಯಲಿಲ್ಲ. ಎಡಗೈಯಿಂದ ಫೋನನ್ನು ಎತ್ತಿ ತೋರಿಸಿದಳು.

“ಗ್ರೂಪ್‌ನಲ್ಲಿ ಹಾಕಿ ಅಣ್ಣ.”

ಅವನು ತಲೆಯಾಡಿಸಿ ಹೋದ. ಅವಳು ಬರೆಯುತ್ತಿದ್ದ ವಾಕ್ಯ ಮುಗಿಸಿದಳು: ಇನ್ನು ಮುಂದೆ ನಿಮ್ಮ ತಂಡದಲ್ಲಿ ಯಾರ ಮಾತೂ ಕಳೆದುಹೋಗುವುದಿಲ್ಲ.

ಭಾಷಣ ಚೆನ್ನಾಗಿಯೇ ಆಯಿತು. ಶನಿವಾರ ಬೆಳಿಗ್ಗೆ ಅವಳು ಬಂದಾಗ ಇಸ್ತ್ರಿ ಮೇಜು ಖಾಲಿ ಇತ್ತು.

“ಅವರ ಅಕ್ಕ ಹೋಗ್ಬಿಟ್ರು ಮೇಡಂ,” ಎಂದಳು ರೇಡಿಯೊ. “ಇವರನ್ನ ಎತ್ತಿ ಸಾಕಿದ ಅಕ್ಕ. ನಿನ್ನೆ ಬೆಳಗಿನ ಜಾವ. ಸುದ್ದಿ ಬಂದ ಮೇಲೆ ಹೊರಟ್ರು. ಗುರುವಾರ ಸಂಜೆ ಬಸ್ಸಿಗೇ ಹೋಗಿ ಅಂತ ನಾವೆಲ್ಲ ಬಡ್ಕೊಂಡ್ವಿ. ಹಿಂದೆ ಬೇರೆ ಕಡೆ ಒಂದ್ಸಲ ಹೇಳದೆ ಹೋಗಿ ಕೆಲಸ ಕಳ್ಕೊಂಡವರು, ಮೇಡಂ ಹೂಂ ಅನ್ನದೆ ಹೋಗಲ್ಲ ಅಂದ್ರು. ನೀವು ಒಂದು ಮಾತು...”

ಯಾವತ್ತೂ ಮಾತನ್ನು ಅರ್ಧಕ್ಕೆ ಬಿಡದವಳು ಅವತ್ತು ಬಿಟ್ಟಳು.

ಮೇಡಂ ಆಫೀಸಿನ ಬಾಗಿಲು ಹಾಕಿಕೊಂಡು ಗ್ರೂಪ್ ತೆರೆದಳು. ಹೂವುಗಳನ್ನೆಲ್ಲ ದಾಟಿ ಮೇಲೆ ಹೋದಳು. “ಮೇಡಂ ಅಕ್ಕನಿಗೆ ತುಂಬ ಹುಷಾರಿಲ್ಲ. ಸಂಜೆ ಬಸ್ಸಿಗೆ ಹೋಗಲೇ. ನೀವು ಹೂಂ ಅಂದರೆ ಹೊರಡುತ್ತೇನೆ.” ಕೆಳಗೆ ಎಲ್ಲರ ಕೈಮುಗಿದ ಚಿತ್ರಗಳು. ಯಾರೋ ಒಂದು ನಗೆಹನಿ ಹಾಕಿದ್ದರು. ಅದರ ಕೆಳಗೆ ಮತ್ತೆ ಅವನೇ: “ಮೇಡಂ?”

ಆ ಒಂದು ಪದ ಅವನ ಬೆರಳಿಗೆ ಎಷ್ಟು ಹೊತ್ತು ಹಿಡಿದಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಲಿಸಿದವಳೇ ಅವಳಲ್ಲವೇ.

ಮನೆಯಲ್ಲಿ ಗಂಡ ಸುಲಭದ ದಾರಿ ತೋರಿಸಿದ. “ನೆಟ್‌ವರ್ಕ್ ಇರಲಿಲ್ಲ ಅಂದ್ಬಿಡು. ಯಾರು ನೋಡೋಕೆ ಹೋಗ್ತಾರೆ?”

ಯಾರೂ ಹೋಗುವುದಿಲ್ಲ ನಿಜ. ಅವಳೂ ಆ ಸುಳ್ಳನ್ನು ಬಾಯಲ್ಲಿ ಹೊರಳಾಡಿಸಿ ನೋಡಿದಳು. ಗ್ರೂಪ್‌ನಲ್ಲಿ ಸಂತಾಪದ ನಾಲ್ಕು ಸಾಲು ಬರೆದು ಅಳಿಸಿದಳು. ಊಟ ಸೇರಲಿಲ್ಲ, ಮಕ್ಕಳ ಮೇಲೆ ಸುಮ್ಮನೆ ರೇಗಿದಳು. ಕೊನೆಗೆ, ಇದ್ದದ್ದನ್ನು ಇದ್ದ ಹಾಗೆ ಇಸ್ತ್ರಿಯಣ್ಣನ ಎದುರು ನಿಂತು ಹೇಳುವುದೆಂದು ತೀರ್ಮಾನಿಸಿದಳು. ಹೇಳಿದರೆ ಎದೆ ಹಗುರಾದೀತು ಎಂಬ ಸಣ್ಣ ಆಸೆಯೂ ಇತ್ತು. ಆಸೆಪಟ್ಟರೆ ಯಾರಪ್ಪನ ಮನೆಯ ಗಂಟು ಹೋಗುತ್ತದೆ?

ಕಾರ್ಯಗಳೆಲ್ಲ ಮುಗಿದ ಮೇಲೆ ಇಸ್ತ್ರಿಯಣ್ಣ ಕೆಲಸಕ್ಕೆ ಬಂದ. ತಲೆ ತಗ್ಗಿಸಿ ಗೌನಿನ ತೋಳಿಗೆ ಇಸ್ತ್ರಿ ಹಾಕುತ್ತಿದ್ದ. ಅವಳು ಮೇಜಿನ ಹತ್ತಿರ ಹೋದಳು.

“ಅಣ್ಣ, ನಿಮ್ಮ ಮೆಸೇಜು ನಾನು ನೋಡ್ಲೇ ಇಲ್ಲ. ಗ್ರೂಪ್‌ನ ಸದ್ದು ಆಫ್ ಮಾಡಿಟ್ಟಿದ್ದೆ. ಬಹಳ ದಿನದಿಂದ. ತಪ್ಪು ನನ್ನದೇ.”

ಅವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ.

“ನೋಡ್ಲೇ ಇಲ್ವಾ?”

“ಇಲ್ಲ.”

ಅವನು ಗೌನಿನ ದಾರಗಳನ್ನು ಸರಿಮಾಡಿದ. ಅವನಿಗೆ ಸಿಟ್ಟು ಬರಲಿ, ನಾಲ್ಕು ಮಾತು ಬಯ್ಯಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು.

“ಅವತ್ತು ರಾತ್ರಿ ಅಕ್ಕನ ಹತ್ರ ಫೋನಲ್ಲಿ ಮಾತಾಡಿದೆ ಮೇಡಂ,” ಎಂದ. “ನಮ್ಮ ಮೇಡಂ ಅಂಥವರಲ್ಲ, ಯಾವುದೋ ಆಸ್ಪತ್ರೆಯಿಂದ ಅರ್ಜೆಂಟು ಗೌನು ಬರೋದಿರಬೇಕು, ಅದಕ್ಕೇ ಬಿಡ್ಲಿಲ್ಲ ಅಂದೆ. ಹೌದು ಕಣೋ, ಅಲ್ಲಿ ಯಾರದೋ ಜೀವದ ವಿಷಯ, ನೀನು ಮುಗಿಸ್ಕೊಂಡೇ ಬಾ ಅಂದ್ಲು. ಸಮಾಧಾನವಾಗೇ ಅಂದ್ಲು. ನಾನೂ ಇಷ್ಟು ದಿನ ಅದನ್ನೇ ಹಿಡ್ಕೊಂಡಿದ್ದೆ.”

ಅವನು ತಲೆಯೆತ್ತಿ ಅವಳನ್ನು ನೋಡಿದ.

“ಹಾಗಾದ್ರೆ ಅವತ್ತು ಅರ್ಜೆಂಟು ಏನೂ ಇರಲಿಲ್ವಾ ಮೇಡಂ?”

ಒಂದೇ ಒಂದು ಸುಳ್ಳಿನಿಂದ ಅವನ ಸಮಾಧಾನವನ್ನು ಅವನಿಗೆ ವಾಪಸ್ ಕೊಡಬಹುದಿತ್ತು. ಅದು ಅವಳಿಗೆ ಹೊಳೆಯುವ ಹೊತ್ತಿಗೆ ತಲೆ ತಾನಾಗಿಯೇ ಇರಲಿಲ್ಲವೆಂದು ಅಡ್ಡ ಆಡಿಬಿಟ್ಟಿತ್ತು.