ಅಡುಗೆಮನೆ ಬಾಗಿಲಲ್ಲಿ ಬೇರೆಯವರ ಫ್ರಿಜ್ಜು

ಕೈ ಬಂತು ಮತ್ತೆ, ಫ್ರಿಜ್ಜಿಗೂ ಬಾಗಿಲ ಚೌಕಟ್ಟಿಗೂ ನಡುವೆ ಉಳಿದ ಅಂಗೈ ಅಗಲದ ಸಂದಿಯಲ್ಲಿ ಮೊದಲು ಬೆರಳು, ಆಮೇಲೆ ಅಂಗೈ, ಮೇಲ್ಮುಖವಾಗಿ, ಮಣಿಕಟ್ಟಿನ ತನಕ ಬಂದು ನಿಂತಿತು, ಹೆಬ್ಬೆರಳ ಉಗುರು ಕಪ್ಪಾಗಿದೆ, ಹೋದ ವಾರ ಟ್ರೇಲರಿನ ಕೊಂಡಿಗೆ ಸಿಕ್ಕಿ ಜಜ್ಜಿದ್ದು, ಹಾಗಾಗಿ ಇದು ಗಂಡ ಹಣಮಂತಪ್ಪನ ಕೈ, ಅತ್ತೆ ಶಟ್ಟೆವ್ವನದಲ್ಲ ಎಂದು ಮಹಾನಂದಾಳಿಗೆ ಮುಖ ಕಾಣದೆಯೂ ತಿಳಿಯುತ್ತದೆ, ಇನ್ನೆರಡು ಕೊಡು, ಬಿಸೀವು ಕೊಡು, ಎಂದಿತು ಕೈ, ಅಂದರೆ ಕೈಯ ಆಚೆಗೆಲ್ಲೋ ಇದ್ದ ಬಾಯಿ, ಅವಳು ಹಂಚಿನ ಮೇಲೆ ಉಬ್ಬಿದ್ದ ಜೋಳದ ರೊಟ್ಟಿ ತೆಗೆದು ಮಡಚಿ ಇಟ್ಟಳು, ಮಡಚದಿದ್ದರೆ ಸಂದಿಯಲ್ಲಿ ಹೋಗುವುದಿಲ್ಲ, ಮಧ್ಯಾಹ್ನದಿಂದ ಹೋದ ಅಷ್ಟೂ ರೊಟ್ಟಿ ಹೀಗೆ ಮಡಚಿಕೊಂಡೇ ಹೋದವು, ಕೈ ಬಿಸಿಗೆ ಬೆಚ್ಚಲಿಲ್ಲ, ಬಂದ ಹಾಗೇ ಹಿಂದಕ್ಕೆ ಸರಿಯಿತು — ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಈ ಕೈಯನ್ನು ಇಷ್ಟು ಹೊತ್ತು ದಿಟ್ಟಿಸಿದ್ದೇ ಇಲ್ಲವಲ್ಲ, ನಗು ಬರಬೇಕಿತ್ತು, ಬರಲಿಲ್ಲ, ಸಿಟ್ಟು ಬಂತು. ಒಳಗ ಒಲಿ ಐತಿ, ಹಿಟ್ಟ ಐತಿ, ನೀರ ಐತಿ, ಬಚ್ಚಲಾನೂ ಐತಿ, ನಿನಗೇನ ಕಡಿಮಿ, ಹೆಂಗಿದ್ರೂ ದಿನಾ ನೀ ಅಲ್ಲೇ ಇರಾಕಿ, ಅಂದಿದ್ದ ಹಣಮಂತಪ್ಪ ಬೆಳಿಗ್ಗೆಯೇ, ಸಮಾಧಾನ ಹೇಳಿದ್ದೇನೆ ಎಂದುಕೊಂಡೇ ಅಂದಿದ್ದ, ಅದೇ ಅವಳಿಗೆ ಚುಚ್ಚಿದ್ದು, ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಅವಳು ಕೇಳಿದ್ದು ಹಿಟ್ಟಿನ ಗಿರಣಿ, ಮನೆಯಲ್ಲೇ ಇಟ್ಟುಕೊಂಡು ಬೀಸುವ ಸಣ್ಣದು, ಮಹಿಳಾ ಸಂಘದಲ್ಲಿ ತನ್ನ ಹೆಸರಿಗೆ ಕೂಡಿಟ್ಟದ್ದರಲ್ಲಿ ಕೊಂಡದ್ದು, ಯರಗಟ್ಟಿಯ ಅಂಗಡಿಯಲ್ಲಿ ತಾನೇ ನಿಂತು, ಗುಂಡಿ ಒತ್ತಿ, ಹಿಡಿ ಜೋಳ ಹಾಕಿ, ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ಬಿಲ್ಲಿನ ಮೇಲೆ ಮಹಾನಂದಾ ಹಣಮಂತಪ್ಪ, ಸಾಲಹಳ್ಳಿ ಎಂದು ಬರೆಸಿ ಬಂದಿದ್ದಳು, ಬಸ್ಸಿನಲ್ಲಿ ಕೂತು ಆ ಬಿಲ್ಲನ್ನು ಮೂರು ಸಲ ಓದಿದ್ದಳು, ಸರಕಾರದ ಕಾರ್ಡು, ಸಂಘದ ಪುಸ್ತಕ ಬಿಟ್ಟರೆ ಅವಳ ಹೆಸರು ಕಾಗದದ ಮೇಲೆ ಬಂದದ್ದು ಅದೊಂದರಲ್ಲೇ. ಇಂದು ಒಂಬತ್ತಕ್ಕೆ ಟೆಂಪೋ ಬಂತು, ಆಳೆತ್ತರದ ರಟ್ಟಿನ ಡಬ್ಬಿ ಇಳಿಯಿತು, ಇಷ್ಟ ದೊಡ್ಡದೇನ್ರಿ ಅದು ಎಂದು ಅವಳು ಬಾಯಿ ತೆರೆಯುವುದರೊಳಗೆ ಶಟ್ಟೆವ್ವ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಾಗಿತ್ತು, ಈ ಮನೆಯ ಪದ್ಧತಿ ಅದು, ಹೊಸ ವಸ್ತು ಒಳಗೆ ಬಂದರೆ ಡಬ್ಬಿ ಒಡೆಯುವ ಮೊದಲೇ ಪೂಜೆ, ಟಿವಿ ಬಂದಾಗಲೂ ಹಾಗೇ, ಮಿಕ್ಸರ್ ಬಂದಾಗಲೂ ಹಾಗೇ, ಒಳಗೇನಿದೆ ಎಂದು ಆಮೇಲೆ ನೋಡುವುದು, ಲಕ್ಷ್ಮೀನ ಮುಖ ನೋಡಿ ಕರಕೊಂತಾರೇನ, ಕಾಲು ತೊಳದು ಕರಕೋಬೇಕು, ಎನ್ನುತ್ತಾಳೆ ಅತ್ತೆ, ಕುಂಕುಮ ಹಚ್ಚಿದಳು, ಊದಿನಕಡ್ಡಿ ಬೆಳಗಿದಳು, ಕಾಯಿ ಒಡೆದು ನೀರು ಚಿಮುಕಿಸಿದಳು, ಆಮೇಲೆ ಪಡಸಾಲೆಯಲ್ಲಿ ರಟ್ಟು ಹರಿದರೆ ಒಳಗಿಂದ ಎರಡು ಬಾಗಿಲಿನ ಫ್ರಿಜ್ಜು, ಕೆಂಪು ಬಣ್ಣದ್ದು, ಹೂವಿನ ಚಿತ್ರದ್ದು, ಶಟ್ಟೆವ್ವ ಹೊಸದಾಗಿ ಕಾಣಿಸಿದ ಆ ಕೆಂಪಿನ ಮೇಲೂ ಐದು ಬೆರಳಿನ ಕುಂಕುಮ ಎಳೆದೇಬಿಟ್ಟಳು.

ಅಲ್ಲೇ ನಿಲ್ಲಿಸಬಹುದಿತ್ತು, ಪಡಸಾಲೆಯಲ್ಲೇ, ಕಿಟಕಿಯ ಕೆಳಗೆ, ಆ ಜಾಗವನ್ನು ಅವಳು ನೂಲು ಹಿಡಿದು ಅಳೆದಿಟ್ಟಿದ್ದಳು ಗಿರಣಿಗೆ, ಬೀದಿಗೆ ತೆರೆದ ಬಾಗಿಲು, ಓಣಿಯ ಹೆಂಗಸರು ಬುಟ್ಟಿ ಹೊತ್ತು ಬರುತ್ತಾರೆ, ಪಾಳಿ ಹಚ್ಚಿ ಕೂಡುತ್ತಾರೆ, ಮಾತು ಬರುತ್ತದೆ, ನಗು ಬರುತ್ತದೆ, ತಾನು ಮೈತುಂಬ ಹಿಟ್ಟು ಹಾರಿಸಿಕೊಂಡು ನಡುವೆ ನಿಂತಿರುತ್ತಾಳೆ, ಊರ ಗಿರಣಿಯ ಸತ್ಯಪ್ಪ ನಿಂತ ಹಾಗೆ — ಆದರೆ ಶಟ್ಟೆವ್ವ ಅಂದಳು ಹೆಂಗಸರ ಸಾಮಾನು ಅಡಗಿಮನ್ಯಾಗ ಇರಬೇಕು, ಪಡಸಾಲ್ಯಾಗ ಗಂಡಸರು ಕುಂಡ್ರೂದ ಎಲ್ಲಿ, ಹೂಂ, ನೂಕ್ರಿ, ನೂಕ್ರಿ, ಏನು ಬಂದಿದೆ ಎಂಬುದನ್ನೇ ಯಾರೂ ಕೇಳಲಿಲ್ಲ, ಎಲ್ಲಿ ಇಡಬೇಕೆಂಬುದು ಮೊದಲು ತೀರ್ಮಾನವಾಯಿತು, ಮಹಾನಂದಾ ಒಳಗೆ ಹೋಗಿ ಕಾಳಿನ ಡಬ್ಬಿ ಸರಿಸಿ ಜಾಗ ಮಾಡಿದಳು, ಟೆಂಪೋದ ಇಬ್ಬರು ಅತ್ತಲಿಂದ ಓರೆ ಮಾಡಿ ನೂಕಿದರು, ಹಳೆಯ ಮನೆಯ ಬಾಗಿಲು, ತಲೆ ಬಗ್ಗಿಸಿ ಬರಬೇಕಾದದ್ದು, ಫ್ರಿಜ್ಜು ಮೇಲೆ ತೊಲೆಗೂ ಕೆಳಗೆ ಹೊಸ್ತಿಲಿಗೂ ಕಚ್ಚಿಕೊಂಡು ಕೂತುಬಿಟ್ಟಿತು, ಇತ್ತಲೂ ಇಲ್ಲ ಅತ್ತಲೂ ಇಲ್ಲ, ಗಾಡಿ ಮುಂದ ಹೋಗಬೇಕ್ರಿ, ಸೇಠರಿಗೆ ಹೇಳತೇವಿ, ಎಂದು ಅವರು ಹೊರಟುಹೋದರು, ಸಾಮಾನು ಮುಟ್ಟಿದ ಚೀಟಿಯನ್ನು ಹಣಮಂತಪ್ಪನ ಕೈಯಲ್ಲಿಟ್ಟು. ಹಿತ್ತಲ ಬಾಗಿಲಾದರೂ ಇದ್ದಿದ್ದರೆ, ಇತ್ತು, ಮೈದುನನ ಜೊತೆ ಮನೆ ಪಾಲಾದ ವರ್ಷ ಅದನ್ನು ಇಟ್ಟಿಗೆ ಇಟ್ಟು ಮುಚ್ಚಿದರು, ಹಿತ್ತಲು ಅವರಿಗೆ, ಬಾವಿ ಅವರಿಗೆ, ಗೋಡೆ ಇಬ್ಬರಿಗೂ, ಉಳಿದದ್ದು ಮೇಲಿನ ಬೆಳಕಿಂಡಿ, ಅದಕ್ಕೆ ಕಬ್ಬಿಣದ ಸರಳು, ಅದರಿಂದ ಬೀಳುವ ಬಿಸಿಲಿನ ಚೌಕ ಈಗ ನೆಲದಿಂದ ಗೋಡೆಗೆ ಹತ್ತಿದೆ, ಅಂದರೆ ನಾಲ್ಕರ ಸುಮಾರು.

ಅತ್ತ ದರಿ ಇತ್ತ ಪುಲಿ ಅನ್ನುತ್ತಾರೆ, ಇಲ್ಲಿ ಪುಲಿಯೂ ಇಲ್ಲ, ಎಲ್ಲರೂ ಒಳ್ಳೆಯವರೇ, ಹೊರಗೆ ಎಳೀರಿ ಅಂದರೆ ಅತ್ತೆ, ಇವತ್ತ ಮಂಗಳವಾರ, ಪೂಜಿ ಆಗಿ ಅಡಗಿಮನಿ ಹೊಸ್ತಿಲ ಏರಿದ ಲಕ್ಷ್ಮೀನ ಹಿಂದಕ್ಕ ಎಳದು ಹೊರಗ ಹಾಕತಾರೇನ, ಒಳಗ ತಗೋಬೇಕಂದ್ರ ತಗೋರಿ, ಹೊರಗ ಮಾತ್ರ ಬ್ಯಾಡ, ಎನ್ನುತ್ತಾಳೆ, ಅಂಗಡಿಯ ಗೌರೀಶ ಸೇಠರಿಗೆ ಫೋನು ಮಾಡಿದರೆ ಬೆಲ್ಲದಂಥ ದನಿ, ಅಕ್ಕಾರ, ಅದಲಿಬದಲಿ ಆಗೇತ್ರಿ, ಮುಂಜಾನಿ ಎರಡು ಗಾಡಿ ಹೊಂಟಿದ್ವು, ಹುಡುಗೂರು ತಪ್ಪು, ಆದ್ರ ನೀವು ಡಬ್ಬಿ ಹರದೀರಿ, ಕುಂಕುಮ ಹಚ್ಚೀರಿ, ಇನ್ನ ಅದನ್ನ ಹೊಸಾದಂತ ನಾ ಯಾರಿಗೆ ಮಾರ್ಲಿ, ಎಳದಾಡಿ ಗೀಚ್ ಬಿತ್ತಂದ್ರಂತೂ ವಾಪಸ್ ತಗೊಳ್ಳಾಂಗೇ ಇಲ್ಲ, ಅದನ್ನ ಇಟ್ಕೊಂಡು ಬಿಡ್ರಿ, ರೊಕ್ಕದ ಫರಕ್ ಆಮ್ಯಾಲ ನೋಡೂಣು, ಯಜಮಾನ್ರು ಹೂಂ ಅಂದಾರ — ಹಣಮಂತಪ್ಪ ಅಂದಿದ್ದಾನೆ, ಅನ್ನದೆ ಏನು, ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಪೈಕಿ, ಆಮೇಲೆ ಎಂಬ ಮಾತು ಅವನ ಕಿವಿಗೆ ಎಂದೂ ಬೀಳುವುದಿಲ್ಲ, ಸಂದಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ, ಚೀಟಿಗೆ ಸಹಿ ಮಾಡು, ಬಿಲ್ಲು ನಿನ್ನ ಹೆಸರಿಗೆ ಐತಿ, ನಿಂದ ಸಹಿ ಬೇಕಂತ, ಮಾಡಿದಿ ಅಂದ್ರ ಈಗಿಂದೀಗ ಗೌಂಡಿನ್ನ ಕರಸಿ ಚೌಕಟ್ಟು ಬಿಚ್ಚಿಸಿ ಒಳಗ ತಗೊತೇನಿ, ದೀಪ ಹಚ್ಚೂದ್ರಾಗ ನೀ ಹೊರಗ. ಸಹಿ ಮಾಡಿದರೆ ಹೊರಗೆ, ಮಾಡದಿದ್ದರೆ ಒಳಗೆ, ಗಿರಣಿ ಬೇಕೆಂದರೆ ಒಳಗೇ ಇರಬೇಕು.

ಅವಳ ಅಕ್ಕನ ಮಗಳು ರಾಣಿ ಬೈಲಹೊಂಗಲದ ಕಾಲೇಜಿನಲ್ಲಿ ಓದುವವಳು, ಅವಳಿಗೂ ಫೋನು ಹಚ್ಚಿದ್ದಳು, ಚಿಗವ್ವ, ನೀ ಕೇಳಿದ್ದ ಬ್ಯಾರೆ, ಅವರು ಕಳಿಸಿದ್ದ ಬ್ಯಾರೆ, ತಪ್ಪು ಅವರದು, ತಮ್ಮ ಗಾಡಿ ತಂದು ತಾವ ಒಯ್ಯಬೇಕು, ನಿನ್ನ ಗಿರಣಿ ನಿನಗ ಮುಟ್ಟಿಸಬೇಕು, ಕುಂಕುಮ ಹತ್ತಿದ್ರ ಒರಸಿಕೊಂಡು ಹೋಗ್ಲಿ, ಫೋಟೋ ತಗದು ಇಟ್ಕೊ, ಆ ಚೀಟಿಗೆ ಮಾತ್ರ ಸುಮ್ಮನ ಸಹಿ ಮಾಡಬ್ಯಾಡ, ಮಾಡಿದಿ ಅಂದ್ರ ನಾ ಕೇಳಿದ್ದ ಇದ ಅಂತ ನೀನ ಒಪ್ಪಿದಂಗ, ಕೇಳಲಿಲ್ಲ ಅಂದ್ರ ಗ್ರಾಹಕರ ಕೋರ್ಟ್ ಐತಿ, ಹೋಗೂಣು, ಎಷ್ಟು ಸಲೀಸು ಅವಳ ಬಾಯಲ್ಲಿ, ಹೋಗೂಣು, ಕೋರ್ಟಿಗೆ ಹೋಗಲು ಮೊದಲು ಅಡುಗೆಮನೆಯಿಂದ ಹೊರಬೀಳಬೇಕಲ್ಲ ತಂಗಿ. ಪಡಸಾಲೆಯಲ್ಲಿ ಗದ್ದಲ, ಓಣಿಯ ಬೀರವ್ವ ಬಂದಿದ್ದಾಳೆ ಫ್ರಿಜ್ಜು ನೋಡಲು, ಎಷ್ಟ ಚಂದ ಐತಿ ಯವ್ವಾ, ಕನ್ನಡ್ಯಾಗ ನೋಡಿದಂಗ ಮಾರಿ ಕಾಣತೈತಿ, ಸೊಸಿ ಎಲ್ಲಿ, ಅನ್ನುತ್ತಾಳೆ, ಒಳಗದಾಳ, ಅನ್ನುತ್ತಾಳೆ ಅತ್ತೆ, ಎಂದಿನ ದನಿಯಲ್ಲೇ, ಬೀರವ್ವನೂ ಹೌದೇನ ಎಂದು ಸುಮ್ಮನಾದಳು, ಸೊಸೆ ಒಳಗಿದ್ದಾಳೆ ಅಂದರೆ ಅದರಲ್ಲಿ ಕೇಳುವುದೇನಿದೆ, ಮಾದಿ, ಎರಡು ಕಪ್ ಚಾ ಕೊಡ, ಈ ಮನೆಯ ಬಾಯಲ್ಲಿ ಮಹಾನಂದಾ ಎಂದರೆ ಮಾದಿ, ಅವಳು ಚಹಾ ಕೊಟ್ಟಳು, ಶಟ್ಟೆವ್ವನ ಹಸಿರು ಬಳೆಯ ಕೈ ಬಂದು ಒಯ್ಯಿತು. ಅವರಿಗೆ ಕಾಣುವುದು ಕೆಂಪು, ಹೂವು, ಕುಂಕುಮ, ಅವಳಿಗೆ ಕಾಣುವುದು ಬೆನ್ನು, ಕಪ್ಪು ತಂತಿಯ ಜಾಲರಿ, ಅದಕ್ಕೆ ಅಂಟಿಸಿದ ಒಂದು ಚೀಟಿ, ಅದರ ಮೇಲೆ ಫ್ರಿಜ್ಜು ಕೊಂಡವರ ಹೆಸರು, ಕಾಡಪ್ಪ, ಸವದತ್ತಿ, ಫೋನ್ ನಂಬರು, ಬೆಳಿಗ್ಗೆಯಿಂದ ಅದನ್ನೇ ಓದಿ ಓದಿ ನಂಬರು ಬಾಯಿಪಾಠವಾಗಿದೆ.

ಮಧ್ಯಾಹ್ನ ಧೈರ್ಯ ಮಾಡಿ ಒತ್ತಿದ್ದಳು, ಎತ್ತಿದ್ದು ಹೆಂಗಸು, ಎಳೆಯ ದನಿ, ನಾನು ಅವರ ಸೊಸಿ ಐಶ್ವರ್ಯಾ ರಿ, ಹೂಂ ಅಕ್ಕಾ, ನಮ್ಮನಿಗೂ ಏನೋ ಗಿಡ್ಡ ಡಬ್ಬಿ ಬಂದೈತಿ, ನಾವು ಫ್ರಿಜ್ ಕೇಳಿದ್ವಿ, ಇದು ಅಲ್ಲ ಅಂದ್ರ ಯಾರೂ ಕೇಳವಲ್ರು, ಅತ್ತಿ ಸಂಜಿಗೆ ದೀಪ ಹಚ್ಚಿ ಪೂಜಿ ಮಾಡೇ ಒಡಿಯೂದು ಅಂದಾರ, ಅಲ್ಲೂ ಒಬ್ಬಳು ಶಟ್ಟೆವ್ವ, ಅಲ್ಲೂ ಒಂದು ಆರತಿ ತಟ್ಟೆ, ಪೂಜೆಯಾಯಿತೆಂದರೆ ಅವಳ ಗಿರಣಿ ಸವದತ್ತಿಯ ಲಕ್ಷ್ಮಿ, ಮುಗಿಯಿತು, ಪೂಜಿ ಮಾಡಸಬ್ಯಾಡ ತಂಗಿ, ಹೆಂಗರ ಮಾಡಿ ತಡಿ, ಅಂದಳು, ಅತ್ತಿಗೆ ಹೆಂಗ ಹೇಳ್ಲಿ ಅಕ್ಕಾ, ಅಂದಳು ಅವಳು, ಅದನ್ನೇ ಮಹಾನಂದಾ ಹತ್ತೊಂಬತ್ತು ವರ್ಷದಿಂದ ಹುಡುಕುತ್ತಿದ್ದಾಳೆ. ಗಿರಣಿ ತರತೇನಿ ಅಂದಾಗ ಈ ಮನೆಯಲ್ಲಿ ಒಬ್ಬರೂ ಬೇಡ ಅನ್ನಲಿಲ್ಲವಲ್ಲ, ಯಾಕೆ ಅನ್ನಲಿಲ್ಲ, ಅವಳಿಗಾಗ ಹಿಗ್ಗು, ಈಗ ಈ ಕಪ್ಪು ಬೆನ್ನು ನೋಡುತ್ತ ಕೂತಾಗ ನೆನಪಾಗುತ್ತದೆ ಗಂಡ ಅಂದದ್ದು, ತರಲಿ ಬಿಡು ಯವ್ವಾ, ಬೀಸೂ ನೆವಕ್ಕ ವಾರಕ್ಕೆರಡು ಸಲ ಓಣಿ ತಿರಗೂದರ ತಪ್ಪತೈತಿ, ಸತ್ಯಪ್ಪನ ಗಿರಣಿಗೆ ಹೋಗುವ ಆ ಅರ್ಧ ತಾಸು, ತಲೆಯ ಮೇಲೆ ಬುಟ್ಟಿ, ಪಾಳಿಯಲ್ಲಿ ಕೂತ ಹೆಂಗಸರು, ಯಾರೂ ಎಷ್ಟೊತ್ತಾತು ಎಂದು ಕೇಳದ ಜಾಗ ಅದೊಂದೇ, ಅದನ್ನು ತಾನೇ ಸಂಘದ ಉಳಿತಾಯ ಕೊಟ್ಟು ಮುಚ್ಚಿಸಲು ಹೊರಟಿದ್ದಳೇ, ಗಿರಣಿ ಸರಿಯಾಗಿಯೇ ಬಂದಿದ್ದರೂ ಈ ಬಾಗಿಲಿನಿಂದ ಸಲೀಸಾಗಿ ಒಳಗೆ ಬಂದು ಈ ಮೂಲೆಯಲ್ಲಿ ಕೂತಿರುತ್ತಿತ್ತು, ಅವಳೂ ಅದರ ಪಕ್ಕ, ಮೈತುಂಬ ಹಿಟ್ಟು, ಸಿಕ್ಕಿಬಿದ್ದದ್ದು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ, ಅವಳ ಕಣ್ಣಿಗೂ. ದುಃಖ ಬಂತು, ಜೋರಾಗಿ ಅಳಬೇಕೆನ್ನಿಸಿತು, ಬೀರವ್ವ ಇನ್ನೂ ಹೊರಗಿದ್ದಾಳೆ ಎಂದು ಸೆರಗು ಕಚ್ಚಿಕೊಂಡಳು.

ಕೈ ಬಂತು, ಈ ಸಲ ಖಾಲಿಯಲ್ಲ, ಚೀಟಿ, ಮೇಲೊಂದು ಪೆನ್ನು, ಹೂಂ ಮಾದಿ, ಹೊತ್ತು ಮುಣಗಾಕ ಬಂತು, ಗೌಂಡಿ ಕಟ್ಟಿ ಮ್ಯಾಲ ಬಂದು ಕುಂತಾನ, ಸೇಠ್ ಎರಡು ಸಲ ಫೋನ್ ಮಾಡಿದ, ಅಂದ ಹಣಮಂತಪ್ಪ, ಅವಳು ಚೀಟಿ ತೆಗೆದುಕೊಂಡಳು, ಬಿಸಿಲ ಚೌಕ ಮಾಯವಾಗಿದೆ, ದೀಪದ ಹೊತ್ತು, ಸವದತ್ತಿಯಲ್ಲೂ ದೀಪದ ಹೊತ್ತೇ, ಸಾಮಾನು ಸರಿಯಾಗಿ ತಲುಪಿದೆ ಎಂದು ಅಚ್ಚಾಗಿದೆ, ಕೆಳಗೆ ಗೆರೆ, ಗೆರೆಯ ಮೇಲೆ ಹೆಸರು ಬರೆದರೆ ತಂಪು ನೀರು, ಹೊರಗಿನ ಗಾಳಿ, ಎಲ್ಲರಿಗೂ ಸಂತೋಷ, ಬರೆದೇಬಿಡಲೇ, ಅಷ್ಟರಲ್ಲಿ ಫೋನು ಅಲುಗಿತು, ಸವದತ್ತಿಯ ನಂಬರು, ಅಕ್ಕಾ, ಐಶ್ವರ್ಯಾ ನಗು ತಡೆದುಕೊಂಡು ಹೇಳುತ್ತಿದ್ದಾಳೆ, ಅತ್ತಿ ಆರತಿ ತಗೊಂಡು ಬಂದ್ರು, ನಾ ಡಬ್ಬಿ ಮ್ಯಾಲ ಕುಂತ ಬಿಟ್ಟೆ, ಹೊರಗಾಗೇನಿ ರಿ ಅಂದೆ, ಮುಟ್ಟಿನ್ಯಾಕಿ ಕುಂತ ಡಬ್ಬಿಗೆ ಎಲ್ಲೀ ಪೂಜಿ, ಬೈಯಾಕ ಹತ್ತಾರ ಬೈಲಿ, ಸುಳ್ಳ ಹೇಳಿದ್ದು ದೇವರಿಗೆ ಗೊತ್ತೈತಿ, ಅವ ನೋಡ್ಕೊತಾನ, ಇಳೀ ಅಂದ್ರೂ ಇಳಿಯಾಂಗಿಲ್ಲ, ನೀ ಲಗೂನ ಬಂದು ಒಯ್ಯಿ ಅಕ್ಕಾ — ಫೋನಿನ ಚಾರ್ಜು ಮುಗಿದು ಕಪ್ಪಾಯಿತು. ಕಂಡರಿಯದ ಹುಡುಗಿ, ಅವಳ ಗಿರಣಿಯ ಮೇಲೆ ಏರಿ ಕೂತಿದ್ದಾಳೆ.

ಸಾಮಾನು ಸರಿಯಾಗಿ ತಲುಪಿದೆ ಎಂಬುದರ ಮೇಲೆ ಉದ್ದಕ್ಕೆ ಗೀಟು ಎಳೆದಳು, ಕೆಳಗೆ ಬರೆದಳು, ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳ ದುಂಡನೆ ಅಕ್ಷರ, ಇದು ನಾನು ಕೊಂಡ ಸಾಮಾನು ಅಲ್ಲ, ಬಂದು ಒಯ್ಯಿರಿ, ನನ್ನ ಗಿರಣಿ ತಂದು ಪಡಸಾಲೆಯಲ್ಲಿ ಇಡಿರಿ, ಪಡಸಾಲೆ ಎಂಬುದರ ಕೆಳಗೆ ಎರಡು ಗೆರೆ, ಆಮೇಲೆ ಹೆಸರು, ಪೂರ್ತಿ, ಮಡಚಿ ಅಂಗೈಯ ಮೇಲಿಟ್ಟಳು, ಕೈ ಹೋಯಿತು. ಏನ ಬರದಾಳಲೇ ಎಂದಳು ಶಟ್ಟೆವ್ವ, ಹಣಮಂತಪ್ಪ ಚೀಟಿ ಮಡಚಿದ ಸದ್ದು, ಆಮೇಲೆ ಹಂಗಾರ ಅಲ್ಲೇ ಇರು ಎಂದು ಅವನ ಒಂದೇ ಮಾತು, ಕಟ್ಟೆಯ ಮೇಲಿದ್ದ ಗೌಂಡಿ ಸಾಮಾನು ಎತ್ತಿಕೊಂಡು ಹೋದ ಸದ್ದು, ಇರುತ್ತಾಳೆ, ನಾಳೆ ಬುಧವಾರ, ಬುಧವಾರಕ್ಕೇನು ನೆವ ಹುಟ್ಟುತ್ತದೋ, ಹೆದರಿಕೆಯಾಗುತ್ತಿದೆ, ಗೋಡೆ ಇನ್ನಷ್ಟು ಹತ್ತಿರ ಬಂದಂತಾಗುತ್ತಿದೆ, ಒಲೆ ಇದೆ, ಹಿಟ್ಟಿದೆ, ನೀರಿದೆ, ಏನು ಕಡಿಮೆ, ಎಲ್ಲ ಇಲ್ಲೇ ಇದೆ, ಎಲ್ಲ ಇಲ್ಲೇ — ಎಂದುಕೊಳ್ಳುತ್ತಿದ್ದವಳು ತಡೆದಳು, ನಾದಿಟ್ಟ ಹಿಟ್ಟಿನ ಮೇಲೆ ಹಸಿ ಬಟ್ಟೆ ಮುಚ್ಚಿದಳು, ಗ್ಯಾಸು ಆರಿಸಿದಳು, ಹಂಚು ತಣ್ಣಗಾಗುವ ಟಿಕ್ ಟಿಕ್, ಆಮೇಲೆ ಅದೂ ಇಲ್ಲ, ಮಾದಿ, ರೊಟ್ಟಿ, ಎಂದಿತು ಹೊರಗಿನ ದನಿ, ಮಾದಿ, ಊಟದ ಹೊತ್ತಾತು, ಅವಳು ಗೋಡೆಗೆ ಒರಗಿ ಕೂತಳು, ಸಂದಿಯಲ್ಲಿ ಕೈ, ಕಪ್ಪು ಉಗುರಿನ ಕೈ, ಅಂಗೈ ಮೇಲಾಗಿ, ಖಾಲಿ, ಹಿಂದಕ್ಕೆ ಹೋಗಲಿಲ್ಲ, ಅಲ್ಲೇ ನಿಂತಿದೆ, ಸಂದಿಯಲ್ಲಿ ಕೈ.