ಬಸಳೆಯ ಬುಡಕ್ಕೆ ಬಿದ್ದ ಹಿಮನದಿ

ಅಕ್ಕಿ ತೊಳೆದ ನೀರನ್ನು ಅಕ್ಕು ಒಂದು ದಿನವೂ ಸುಮ್ಮನೆ ಚೆಲ್ಲಿದವಳಲ್ಲ. ಚೆಂಬೂರಿನ ಬಿಲ್ಡಿಂಗಿನ ಮೂರನೆಯ ಮಾಳಿಗೆಯ ಕಿಟಕಿಯಲ್ಲಿ ಅವಳ ಬಸಳೆ ಸೊಂಪಾಗಿ ಹಬ್ಬಿದ್ದೇ ಆ ನೀರು ಕುಡಿದು. ಹಾಗಾಗಿ ಬೆಳಿಗ್ಗೆ ಅಡುಗೆಕಟ್ಟೆಯ ಮೇಲೆ ಬಾಟಲಿಯೊಂದರಲ್ಲಿ ಬೆಳ್ಳಗಿನ ನೀರು ಕಂಡಾಗ ಹಿಂದೆಮುಂದೆ ನೋಡದೆ ಬಸಳೆಯ ಬುಡಕ್ಕೆ ಸುರಿದಳು. ಬಾಟಲಿ ತೊಳೆಯುವಾಗಲೇ ಅದರ ಮೇಲೆ ಸೊಸೆಯ ಅಕ್ಷರ ಕಂಡದ್ದು.

ಸೊಸೆ ಯಕ್ಷಿತಾ ಹಿಂದಿನ ದಿನವಷ್ಟೇ ಹಿಮಾಚಲದಿಂದ ಬಂದಿದ್ದಳು. ಅಲ್ಲಿನ ಹಿಮನದಿಗಳು ಎಷ್ಟು ಕಲ್ಲುಮಣ್ಣು ಹೊತ್ತು ತರುತ್ತವೆಂದು ಅಳೆಯುವುದು ಅವಳ ಕೆಲಸ. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಡವರಿಸುತ್ತಿತ್ತು. ಅತ್ತೆಸೊಸೆಯರ ನಡುವೆ ಜಗಳವಿರಲಿಲ್ಲ, ಮಾತೂ ಅಷ್ಟಕ್ಕಷ್ಟೇ.

ಯಕ್ಷಿತಾ ಆಗಲೇ ಕೆಲಸಕ್ಕೆ ಹೊರಟುಹೋಗಿದ್ದಳು. ಅಕ್ಕು ಆಚೀಚೆ ನೋಡಿದಳು, ಪಾವು ಅಕ್ಕಿ ತೊಳೆದಳು, ಆ ನೀರನ್ನು ಬಾಟಲಿಗೆ ತುಂಬಿ ಇದ್ದಲ್ಲೇ ಇಟ್ಟಳು. ಬಣ್ಣ ಒಂದೇ. ಯಾರಿಗೆ ಗೊತ್ತಾಗಬೇಕು?

ಸಂಜೆ ಮನೆಗೆ ಬಂದ ಯಕ್ಷಿತಾ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಮೇಲೆ ತಿಳಿ ನೀರು, ತಳದಲ್ಲಿ ಬಿಳಿ ಗಸಿ.

"ಅತ್ತೆ, ಇದು ಇಷ್ಟು ಜಲ್ದಿ ಕೆಳಗೆ ಕೂರಲ್ಲ. ವಾರ ಬೇಕು." ಮುಚ್ಚಳ ತೆಗೆದು ಮೂಸಿದಳು. "ಮತ್ತೆ... ಗ್ಲೇಷಿಯರ್ ನೀರು ಹುಳಿ ಬರಲ್ಲ."

ಅಕ್ಕುವಿನ ಮುಖ ಸಣ್ಣದಾಯಿತು. "ಬಸಳೆಗೆ ಹಾಕಿಬಿಟ್ಟೆ ಮಾರಾಯ್ತಿ. ನಿನ್ನ ಕೆಲಸಕ್ಕೆ ಎಂತ ತೊಂದರೆ ಆಯ್ತೋ!"

ಯಕ್ಷಿತಾ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಆಫೀಸಿನದ್ದು ಆಫೀಸಿಗೆ ಹೋಯ್ತು. ಇದು ನಿಮಗೆ ತೋರಿಸ್ಲಿಕ್ಕೆ ತಂದದ್ದು. 'ಐಸಿನ ಮೇಲೆ ಅವಳಿಗೆ ಎಂತ ಕೆಲಸ' ಅಂತ ನೀವು ಕೇಳಿದ್ರಂತೆ, ಹಿತೇಶ್ ಹೇಳಿದ."

ಅಕ್ಕು ಕಿಟಕಿಯ ಕಡೆ ತಿರುಗಿದಳು. ಮಗನಿಗೆ ಹೇಳಿದ್ದು ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದಳು.

ಕಿಟಕಿಯ ಕರಿ ಕಲ್ಲಿನ ಮೇಲೆ, ಕುಂಡದಾಚೆ ಚೆಲ್ಲಿದ ನೀರು ಒಣಗಿ ತೆಳ್ಳಗೆ ಬೂದುಬಣ್ಣ ಕಟ್ಟಿತ್ತು. ಯಕ್ಷಿತಾ ಅತ್ತೆಯ ಬೆರಳು ಹಿಡಿದು ಅದರ ಮೇಲೆ ಆಡಿಸಿದಳು. ಪೌಡರಿಗಿಂತ ನುಣುಪು.

"ಇದು ಬೆಟ್ಟ," ಎಂದಳು. "ಐಸ್ ಸುಮ್ಮನೆ ನಿಂತಿರಲ್ಲ ಅತ್ತೆ, ಧೀರೇ ಧೀರೇ ಜಾರ್ತದೆ. ಅಡಿಯಲ್ಲಿ ಕಲ್ಲು ಹಿಡ್ಕೊಂಡು ಬೆಟ್ಟವನ್ನೇ ಉಜ್ಜುತ್ತದೆ. ಕಣಿವೆ ಅಗಲ ಆಗ್ತದೆ. ದೊಡ್ಡ ಬಂಡೆಗಳನ್ನು ತುದಿಯಲ್ಲಿ ರಾಶಿ ಹಾಕ್ತದೆ. ಅರೆದ ಕಲ್ಲಿನ ಹಿಟ್ಟು ಮಾತ್ರ ನೀರಿನ ಜೊತೆ ಹೋಗ್ತದೆ. ಹೊಳೆ ಪೂರಾ ಹಾಲಿನ ಥರ."

ಬೆಟ್ಟ ಅರೆಯುವ ಐಸು! ಅಕ್ಕು ಬೆರಳ ತುದಿಯನ್ನೇ ನೋಡಿದಳು. ಆಮೇಲೆ ಇಷ್ಟು ದಿನ ಗಂಟಲಲ್ಲೇ ಉಳಿದದ್ದು ಹೊರಬಂತು.

"ಅಂಥಾದ್ದರ ಮೇಲೆ ನೀನು ನಡೆಯುವುದಾ? ಜಾರಿದರೆ?"

"ಹಗ್ಗ ಕಟ್ಕೊಳ್ತೇವೆ."

"ಹಗ್ಗದ ಆಚೆ ತುದಿಯಲ್ಲಿ ಯಾರು?"

"ಬುಷರಾ. ನನ್ನ ಜೊತೆ ಕೆಲಸ ಮಾಡ್ತಾಳೆ. ವಿಜಾಪುರದವರು, ಮನೆ ಧಾರಾವಿಯಲ್ಲಿ."

"ಗಟ್ಟಿ ಉಂಟಾ ಹುಡುಗಿ?"

"ನನಗಿಂತ ಗಟ್ಟಿ."

ಅಕ್ಕು ಉಸಿರು ಬಿಟ್ಟಳು. ಆಗಲೇ ಅವಳಿಗೆ ಸೊಸೆಯ ಕೈ ಕಂಡದ್ದು. ಚಳಿಗೆ ಬೆರಳುಗಳೆಲ್ಲ ಬಿರಿದು ಕೆಂಪಾಗಿದ್ದವು. ಒಳಗಿಂದ ತೆಂಗಿನೆಣ್ಣೆ ತಂದು, ಅವಳನ್ನು ಹತ್ತಿರ ಕೂರಿಸಿಕೊಂಡು, ಒಂದೊಂದೇ ಬೆರಳಿಗೆ ತಿಕ್ಕತೊಡಗಿದಳು. ಯಕ್ಷಿತಾ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು.

"ಬರುವ ಆದಿತ್ಯವಾರ ಆ ಬುಷರಾಳನ್ನು ಊಟಕ್ಕೆ ಕರಿ," ಎಂದಳು ಅಕ್ಕು. "ಅವಳ ಕೈಯನ್ನೂ ನೋಡಬೇಕು."